ನಿದ್ದೆಯಲ್ಲಿ ಒದ್ದ ಕಾಲು

ಕಳೆದ ವಾರ ನಾನು ಗಂಡನನ್ನು ಒದ್ದೆ.

ಗಾಬರಿ ಬೇಡ, ನಿದ್ದೆಯಲ್ಲಿ. (ಎಚ್ಚರದಲ್ಲಿ ಒದೆಯಬೇಕೆನಿಸಿದ ದಿನಗಳೂ ಇವೆ, ಅದು ಬೇರೆ ವಿಷಯ.) ಬೆಳಗ್ಗೆ ನಮ್ಮವರು ಕುಂಟುತ್ತಾ ಅಡಿಗೆಮನೆಗೆ ಬಂದು, ಪಂಚೆ ಎತ್ತಿ ತಾಯಿಗೆ ಗಾಯ ತೋರಿಸಿದರು. ಗಾಯ ಎಂದರೆ ಉಗುರು ತಾಗಿದ ಗೀರು. ನಡಿಗೆ ಮಾತ್ರ ಯುದ್ಧದಿಂದ ಮರಳಿದವರದ್ದು.

ಅತ್ತೆ ನನ್ನ ಕಡೆ ತಿರುಗಿದರು. "ಕಾಲು ತಾಗಿದ ಮೇಲೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ಯಾ?"

"ನಿದ್ದೆಯಲ್ಲಿದ್ದೆ ಅತ್ತೆ. ಗೊತ್ತೇ ಆಗ್ಲಿಲ್ಲ."

"ಒದಿಲಿಕ್ಕೆ ನಿದ್ದೆ ಅಡ್ಡ ಬರ್ಲಿಲ್ಲ. ನಮಸ್ಕಾರಕ್ಕೆ ಮಾತ್ರ ಅಡ್ಡ ಬಂತಾ?"

ನಾನು ಒದ್ದ ಕಾಲಿಗೆ ಚಪ್ಪಲಿ ಮೆಟ್ಟಿ ಹೊರಟೆ.

ಪುತ್ತೂರು ಪೇಟೆಯ ಎಲ್.ಎಂ.ಪಿ. ಡಾಕ್ಟರ ಬಳಿ ಹೋದೆ. ಕೆಲವರಿಗೆ ನಿದ್ದೆಯಲ್ಲಿ ಕಾಲು ತನ್ನಷ್ಟಕ್ಕೆ ಎಳೆಯುತ್ತದಂತೆ, ಒದೆಯುತ್ತದಂತೆ. ಒದ್ದವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗಷ್ಟೇ ಗೊತ್ತು. ರಕ್ತ ಕಡಿಮೆ ಇದ್ದರೆ ಹೆಚ್ಚಾಗುವುದೂ ಉಂಟು ಎಂದು ಕಬ್ಬಿಣದ ಟಾನಿಕ್ ಬರೆದುಕೊಟ್ಟರು.

ಅತ್ತೆ ಬಾಟ್ಲಿ ತಿರುಗಿಸಿ ನೋಡಿದರು. "ಬಲ ಇಲ್ಲದೆಯೇ ಹೀಗೆ. ಇದನ್ನೂ ಕುಡಿದ್ರೆ ನನ್ನ ಮಗ ಉಳಿಲಿಕ್ಕುಂಟಾ?"

ತೀರ್ಪು ಬಂತು. ಕಾಲು ಸರಿಯಾಗುವವರೆಗೆ ನಾನು ಸುಳ್ಯದ ತವರಿನಲ್ಲಿರಬೇಕು. ಮಗಳು ಇಲ್ಲೇ ಇರಬೇಕು, ಶಾಲೆ ತಪ್ಪಬಾರದಲ್ಲ! ಕರೆದೊಯ್ಯಲು ಬಾ ಎಂದು ನನ್ನ ತಮ್ಮನಿಗೆ ಹೇಳಿಕಳಿಸಿದ್ದೂ ಆಯಿತು. ಈಗ ನಗುತ್ತಾ ಬರೆಯುತ್ತಿದ್ದೇನೆ, ಆದರೆ ಆ ಸಂಜೆ ಮಗಳ ಜಡೆಯನ್ನು ಮೂರು ಸಲ ಬಿಚ್ಚಿ ಮತ್ತೆ ಹೆಣೆದೆ. ಹೀಗೆ ಕಳಿಸಿದ ಸೊಸೆಯನ್ನು ಮರಳಿ ಕರೆಸಲು ಮರೆತ ಮನೆಗಳು ನಮ್ಮಲ್ಲಿ ಕಡಿಮೆಯೇ? ನಮ್ಮವರು ಪೇಪರ್ ಓದುತ್ತಿದ್ದರು. (ಅಂದು ಪೇಪರಿನಲ್ಲಿ ಬಹಳ ವಿಷಯ ಇದ್ದಿರಬೇಕು.)

ತಮ್ಮ ಬರುವವರೆಗೆ ನನ್ನ ಚಾಪೆ ಅತ್ತೆಯ ಪಕ್ಕಕ್ಕೆ ಹೋಯಿತು. ಕಾಲನ್ನು ಕಾಯಲಿಕ್ಕೆ! ಕಾವಲಿನವರು ಚಿಮಿಣಿ ದೀಪ ಆರಿಸಿದ್ದೇ ತಡ, ಗೊರಕೆ ಹೊಡೆದರು. ಆಮೇಲೆ ಒದ್ದರು. ಬೆಳಗಿನವರೆಗೂ, ಬಿಟ್ಟು ಬಿಟ್ಟು.

ಮರುದಿನ ತಮ್ಮ ಬಸ್ಸಿಳಿದು ಬಂದು ಕಾಫಿಗೆ ಕೂತ. ಅವನ ಎದುರಿಗೇ ನಾನು ಪಾದದ ಗಂಟಿನ ಬಳಿ ನೀಲಿಗಟ್ಟಿದ್ದನ್ನು ತೋರಿಸಿದೆ. "ಅತ್ತೆ, ಇದು ನಿಮ್ಮ ಕಾಲಿನ ಕೆಲಸ."

ಅತ್ತೆ ಜಗ್ಗಲಿಲ್ಲ. "ದೊಡ್ಡವರ ಕಾಲು ತಾಗಿದ್ರೆ ದೋಷ ಇಲ್ಲ. ಅದು ಆಶೀರ್ವಾದ."

ತಮ್ಮ ಲೋಟ ಕೆಳಗಿಟ್ಟ. "ಅಲ್ಲಮ್ಮ, ನಿದ್ದೆಯಲ್ಲಿ ಒದೆಯುವವರೆಲ್ಲ ತವರಿಗೆ ಹೋಗುದಾದ್ರೆ ನಿಮಗೂ ಒಂದು ಟಿಕೆಟ್ ತೆಗೀಬೇಕಲ್ಲ. ನಿಮ್ಮ ತವರು ಆಲಂಕಾರು ಅಲ್ವಾ?"

ನಮ್ಮವರಿಗೆ ಜೋರಾಗಿ ಕೆಮ್ಮು ಬಂತು. ಅತ್ತೆ ಎದ್ದು ಒಳಗೆ ನಡೆದರು. ಬಾಗಿಲಲ್ಲಿ ನಿಂತು ತಮ್ಮನಿಗೆ ಹೇಳಿದರು, "ಊಟ ಮಾಡಿ ಹೋಗು ಮಾರಾಯ. ಒಬ್ಬನೇ ಹೋಗು."

ಕಟ್ಟಿಟ್ಟ ಬಟ್ಟೆಯ ಗಂಟನ್ನು ನಾನು ಬಿಚ್ಚಿದೆ. ಮಗಳು ಶಾಲೆಗೆ ಹೊರಟಳು.

ನಿದ್ದೆಹೋದ ಕಾಲಿಗೆ ತಾನು ಅತ್ತೆಯದೋ ಸೊಸೆಯದೋ ಗೊತ್ತಿರುವುದಿಲ್ಲ. ಎಚ್ಚರವಾಗಿರುವ ನಮಗೆ ಅದು ಇಷ್ಟು ಚೆನ್ನಾಗಿ ಗೊತ್ತಿರುವುದು ಯಾವ ಕಾಯಿಲೆ?