ಮಿಸ್ತ್ರಿ ಕಾಕಾರ ಕಿವಿ

ಹಳೆಯ ಕಾರಿನ ಕಾಗದಪತ್ರ ಹುಡುಕಲೆಂದು ಡ್ಯಾಶ್‌ಬೋರ್ಡಿನ ಡಬ್ಬಿಗೆ ಕೈ ಹಾಕಿದರೆ ಸಿಕ್ಕಿದ್ದು ಗೇಣಿಗಿಂತ ತುಸು ಉದ್ದದ ಒಂದು ಕಟ್ಟಿಗೆ ತುಂಡು. ಒಂದು ತುದಿ ಗ್ರೀಸ್ ಕುಡಿದು ಕಪ್ಪಾಗಿತ್ತು. ಇನ್ನೊಂದು ತುದಿ ಕಿವಿಗೆ ತಾಗಿ ತಾಗಿ ನುಣುಪಾಗಿತ್ತು. ಮೂಸಿ ನೋಡಿದೆ. ಗ್ರೀಸು, ಬೀಡಿ, ಜೊತೆಗೆ ಮಗ್ಗದ ಮನೆಯ ಹತ್ತಿಯ ವಾಸನೆ... ಶೆಡ್ಡಿನಲ್ಲಿ ಹಾಗೆಯೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಇಪ್ಪತ್ತೈದು ವರ್ಷ ಹಳೆಯ ಹೆದರಿಕೆ ಮತ್ತೆ ಬಂತು.

ಕಾಗದ ಬೇಕಾಗಿದ್ದು ಕಾರನ್ನು ಕೊಟ್ಟುಬಿಡಲು. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಅಪ್ಪನ ಕಾಲದ ಆ ಕೆಂಪು ಎರಡು ಸೀಟಿನ ಕಾರನ್ನು ತೆಗೆದುಕೊಂಡು, ಬದಲಿಗೆ ಹೊಸದೊಂದು ಎರಡು ಸೀಟಿನ ಕಾರು ಕೊಡುವುದಾಗಿ ಹೇಳಿದ್ದರು. ಅರವತ್ತು ದಾಟಿದ ಹೆಂಗಸಿಗೆ ಇಳಕಲ್ಲಿನಂಥ ಊರಲ್ಲಿ ಇಂಥ ಕಾರು ಯಾಕೆ ಎಂದು ನಗುವವರು ನಗಲಿ. ಅದು ಅಪ್ಪನಿಂದ ಬಂದ ಹುಚ್ಚು. ಕೊಡುವುದೋ ಬಿಡುವುದೋ ಎಂದು ನಾಲ್ಕು ತಿಂಗಳಿಂದ ನಾನೇ ತಕ್ಕಡಿಯಲ್ಲಿ ಕೂತಿದ್ದೆ. ಮಗಳು ಮಾತ್ರ ಹಟ ಹಿಡಿದಿದ್ದಳು, "ಅವ್ವಾ, ಅಜ್ಜನ ಗಾಡಿ ಕೊಡಬ್ಯಾಡ. ನಾ ಓಡಸ್ತೇನಿ."

ಹೊಸ ಕಾರನ್ನು ಮನೆ ಬಾಗಿಲಿಗೇ ತಂದು ಓಡಿಸಲು ಕೊಟ್ಟಿದ್ದರು. ಹುನಗುಂದದ ಕಡೆ ಹೋಗಿ ಬಂದೆ. ಸಪ್ಪಳವೇ ಇಲ್ಲ! ಮನೆಯಲ್ಲಿ ಸೋಫಾದ ಮೇಲೆ ಕೂತಂತೆ. ಪಕ್ಕದಲ್ಲಿ ಕೂತಿದ್ದ, ಕಾರು ತಂದಿದ್ದ ಅಂಗಡಿಯವರು ಕೊನೆಗೆ ಸಂಕೋಚದಿಂದ, "ಮೇಡಂ, ಇಂಡಿಕೇಟರ್ ಆವಾಗಿಂದ ಬಡ್ಕೊಳ್ಳಾಕತ್ತೈತ್ರಿ, ಆಫ್ ಮಾಡ್ರಿ" ಅಂದರು. ಹೊಸ ಕಾರುಗಳ ನಾಜೂಕು ನನ್ನಂಥವರಿಗೆ ತಿಳಿಯುವುದಿಲ್ಲ ಎಂದು ನಕ್ಕು ಆಫ್ ಮಾಡಿದೆ.

ಅಪ್ಪ ಗ್ರಾನೈಟ್ ವ್ಯಾಪಾರಿ. ನಮ್ಮೂರಿನ ಕೆಂಪು ಕಲ್ಲು ನೋಡಲು ಬಂದ ಪರದೇಶದ ಇಂಜಿನಿಯರೊಬ್ಬ ಊರಿಗೆ ಮರಳುವಾಗ ಆ ಕಾರನ್ನು ಅಪ್ಪನಿಗೆ ಬಿಟ್ಟುಹೋಗಿದ್ದ. ಮೇಲೆ ಮುಚ್ಚಳವಿಲ್ಲ, ನೆಲಕ್ಕೆ ಅಂಟಿದಂತೆ ಕೂರಬೇಕು, ಗಾಲಿಗಳಿಗೆ ಸೈಕಲ್ಲಿನ ಹಾಗೆ ಕಡ್ಡಿಗಳು. ನಟ್ಟನಡುವೆ ಒಂದೇ ದೊಡ್ಡ ನಟ್ಟು. ಅದನ್ನು ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿ ಮಾಡಬೇಕು. ಅಪ್ಪ ತೀರಿಕೊಂಡ ಮೇಲೆ ಕಲ್ಲಿನ ಪಾಲಿಶ್ ಕಾರ್ಖಾನೆಯ ಜೊತೆ ಈ ಕಾರೂ ನನ್ನ ಪಾಲಿಗೆ ಬಂತು. ಮನೆಯವರು ಅದರಲ್ಲಿ ಕೂತಿದ್ದು ಎರಡೇ ಸಲ. ಹೊಟ್ಟೆ ಸ್ಟೇರಿಂಗಿಗೆ ತಾಗುತ್ತದೆ ಎಂಬುದು ಅವರು ಕೊಡುತ್ತಿದ್ದ ನೆಪ.

ಆ ಕಾರಿನ ಜೊತೆ ಬಂದವರೇ ಮಿಸ್ತ್ರಿ ಕಾಕಾ.

ಅವರದು ನೇಕಾರರ ಮನೆ. ಚಿಕ್ಕಂದಿನಿಂದ ಮಗ್ಗದ ಸಪ್ಪಳದಲ್ಲೇ ಬೆಳೆದವರು. ಆಮೇಲೆ ವಿದ್ಯುತ್ ಮಗ್ಗಗಳು ಬಂದಾಗ ಅವುಗಳ ರಿಪೇರಿ ಕಲಿತರು, ಅಲ್ಲಿಂದ ಮೋಟಾರು, ಕೊನೆಗೆ ಕಾರು. ಮುರಿದ ಮಗ್ಗದ ಕಟ್ಟಿಗೆಯನ್ನೇ ಕೆತ್ತಿ ಈ ಕೋಲು ಮಾಡಿಕೊಂಡಿದ್ದರು. ಒಂದು ತುದಿಯನ್ನು ಎಂಜಿನ್ನಿಗೆ ಇಟ್ಟು, ಇನ್ನೊಂದನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆಂದರೆ ಗ್ಯಾರೇಜಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಯಾವ ವಾಲ್ವ್ ಸಡಿಲ, ಯಾವ ಬೇರಿಂಗ್ ಒಣಗಿದೆ, ಬಿಚ್ಚದೆಯೇ ಹೇಳುತ್ತಿದ್ದರು. ಅವರದು ಒಂದು ಪದ್ಧತಿಯಿತ್ತು. ಕೆಲಸ ಮುಗಿದ ಮೇಲೆ ಕೀಲಿಕೈ ಸುಮ್ಮನೆ ಕೊಡುತ್ತಿರಲಿಲ್ಲ. ಗಾಡಿಯ ಯಜಮಾನರೇ ಓಡಿಸಬೇಕು, ಕಾಕಾ ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲದ ತಗಡಿಗೆ ಊರಿ ಪಕ್ಕದಲ್ಲಿ ಕೂರಬೇಕು. ಹುನಗುಂದದ ತನಕ ಹೋಗಿ ತಿರುಗಿ ಬರುವವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ಬಂದು ಇಳಿದ ಮೇಲೆ, "ಹೋಗ್ರಿ ಅಕ್ಕಾರ, ಏನಾಗಂಗಿಲ್ಲ" ಅನ್ನುತ್ತಿದ್ದರು.

ನಾನು ಹುಟ್ಟಾ ಅಂಜುಬುರುಕಿ. ಲಾರಿ ಎದುರಿಗೆ ಬಂದರೆ ಎದೆ ಡವಡವ, ಇಳಿಜಾರು ಕಂಡರೆ ಅಂಗೈ ಒದ್ದೆ. ಆದರೂ ಓಡಿಸುತ್ತಿದ್ದೆ. ಯಾಕೆಂದರೆ ಆ ಮಾತು ಕೇಳಿದ ಮೇಲೆ ಏನೂ ಆಗುವುದಿಲ್ಲ ಎಂದು ನಂಬಿದ್ದೆ. ನಿಜ ಹೇಳಬೇಕೆಂದರೆ ನಾನು ನಂಬಿದ್ದು ಕಾರನ್ನಲ್ಲ.

ಆ ವರ್ಷ ಬಾದಾಮಿಯಲ್ಲಿ ತಂಗಿಗೆ ಕುಬುಸ ಮಾಡುವುದಿತ್ತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ರವಿಕೆಯ ಖಣ ಕೊಟ್ಟು ಉಡಿಸುವ ಶಾಸ್ತ್ರ. ದಾರಿಯಲ್ಲಿ ಗುಳೇದಗುಡ್ಡದಲ್ಲಿಳಿದು ಮಗ್ಗದ ಮನೆಯಿಂದಲೇ ಖಣ ತೆಗೆದುಕೊಂಡು ಹೋಗುವುದು ಎಂದಿದ್ದೆ. ಬಳೆಗಾರ್ತಿ ಹಿಂದಿನ ದಿನವೇ ಬಂದು ಎರಡೂ ಕೈ ತುಂಬ ಹಸಿರು ಬಳೆ ಇಡಿಸಿದ್ದಳು. ಆರು ವರ್ಷದ ಮಗಳು ತಾನೂ ಕೆಂಪು ಗಾಡಿಯಲ್ಲೇ ಬರುವವಳೆಂದು ಕುಣಿಯುತ್ತಿದ್ದಳು.

ಹೊರಡುವ ಮುನ್ನ ಗಾಡಿ ಕಾಕಾರ ಕೈಗೆ ಹೋಗಿ ಬರಬೇಕಲ್ಲ. ಪದ್ಧತಿಯಂತೆ ಹುನಗುಂದದ ಕಡೆ ಹೊರಟೆವು. ಮೊದಲ ತಿರುವಿನಲ್ಲೇ ನನಗೆ ಕೇಳಿಸಿತು. ಟಿಕ್... ಟಿಕ್... ಗಡಿಯಾರದ ಮುಳ್ಳಿನಂಥ ಸಣ್ಣ ಸಪ್ಪಳ. ನೆಟ್ಟಗೆ ಹೋಗುವಾಗ ಇಲ್ಲ, ತಿರುವಿನಲ್ಲಿ ಇದೆ.

"ಕಾಕಾ, ಎಡಗಡೆ ಗಾಲ್ಯಾಗ ಏನೋ ಟಿಕ್ ಅಂತೈತಲ್ರಿ?"

ಕಾಕಾ ಕಣ್ಣು ತೆರೆದು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ನೋಡಿ, "ನಿಮ್ಮ ಕೈಯಾಗಿನ ಬಳಿ ಸಪ್ಪಳ ಇರಬೇಕ್ರಿ ಅಕ್ಕಾರ. ಎಂಜಿನ್ ಹಾಡಾಕತ್ತೈತಿ, ಕೇಳ್ರಿ" ಅಂದರು.

ಗಾಡಿ ನಿಲ್ಲಿಸಿದೆ. ಶಾಸ್ತ್ರಕ್ಕೆಂದು ಇಡಿಸಿಕೊಂಡ ಬಳೆ, ತೆಗೆಯುವ ಮಾತೇ ಇಲ್ಲ. ಒಂದು ಕೈಗೆ ಕರವಸ್ತ್ರ, ಇನ್ನೊಂದಕ್ಕೆ ಸೀರೆಯ ಸೆರಗು ಬಿಗಿಯಾಗಿ ಸುತ್ತಿಕೊಂಡು ಮತ್ತೆ ಓಡಿಸಿದೆ. ಟಿಕ್... ಟಿಕ್... ಹಾಗೆಯೇ ಇತ್ತು. ಕಾಕಾ ಕಣ್ಣು ಮುಚ್ಚಿ ಕೂತಿದ್ದರು. ಇಡೀ ತಾಲೂಕೇ ಹೊಗಳುವ ಕಿವಿಗೆ, ಅಪ್ಪನ ವಯಸ್ಸಿನ ಮನುಷ್ಯನಿಗೆ, ನಿಮಗೆ ಕೇಳಿಸುತ್ತಿಲ್ಲ ಎಂದು ಹೇಗೆ ಹೇಳಲಿ? ನನ್ನ ಅಂಜುಬುರುಕತನಕ್ಕೆ ಕಿವಿಯಲ್ಲೂ ಸಪ್ಪಳ ಹುಟ್ಟುತ್ತಿರಬೇಕು ಅಂದುಕೊಂಡೆ. ಗ್ಯಾರೇಜಿನ ಮುಂದೆ ಇಳಿದು ಅವರು ಎಂದಿನಂತೆ, "ಹೋಗ್ರಿ, ಏನಾಗಂಗಿಲ್ಲ" ಅಂದರು. ಅವತ್ತು ನೆಲ ನೋಡುತ್ತ ಅಂದರು ಎಂಬುದು ನನಗೆ ಆಮೇಲೆ ಹೊಳೆಯಿತು.

ಗುಳೇದಗುಡ್ಡದಲ್ಲಿ ಖಣ ಕಟ್ಟಿಸಿಕೊಂಡು ಹೊರಟಾಗ ಇಳಿಹೊತ್ತು. ಗಂಟು ಮಗಳ ತೊಡೆಯ ಮೇಲಿತ್ತು. ಊರು ದಾಟಿ ಬಾದಾಮಿಯ ಕಡೆ ರಸ್ತೆ ಇಳಿಯುತ್ತ ತಿರುಗುವಲ್ಲಿ ಆ ಟಿಕ್ ಟಿಕ್ ಒಮ್ಮೆಲೆ ನಿಂತಿತು. ನಿಂತಿತಲ್ಲ ಎಂದು ಸಮಾಧಾನದ ಉಸಿರು ಬಿಟ್ಟೆ ನೋಡಿ, ಅದನ್ನು ನೆನೆದರೆ ಇವತ್ತಿಗೂ ಮೈ ತಣ್ಣಗಾಗುತ್ತದೆ. ಗಾಡಿಯ ಎಡಮೂತಿ ಧಡಕ್ಕನೆ ಕುಸಿಯಿತು. ಕಬ್ಬಿಣ ಡಾಂಬರನ್ನು ಕೆರೆಯುವ ಕರ್ಕಶ ಸದ್ದು, ಕಿಡಿ, ಸ್ಟೇರಿಂಗ್ ನನ್ನ ಕೈ ತಿರುಚಿತು. ಬಳೆ ಒಡೆದು ರಕ್ತ ಮೊಣಕೈ ತನಕ ಇಳಿಯಿತು. ಎದುರಿಗೆ ಬಸ್ಸು. ನಮಗಿಂತ ಮುಂದೆ, ತನ್ನ ಪಾಡಿಗೆ ತಾನು, ನಮ್ಮದೇ ಗಾಲಿಯೊಂದು ಉರುಳುತ್ತ ಹೋಗುತ್ತಿತ್ತು. ಬಸ್ಸಿನ ಮೂತಿಯ ಮುಂದೆಯೇ ಅಡ್ಡ ಹಾದು ಜೋಳದ ಹೊಲಕ್ಕೆ ಇಳಿಯಿತು.

"ಅವ್ವಾ! ನಮ್ಮ ಗಾಲಿ, ನಮ್ಮ ಗಾಲಿ!" ಎಂದು ಮಗಳು ಚಪ್ಪಾಳೆ ಹೊಡೆಯುತ್ತಿದ್ದಳು.

ರಸ್ತೆ ಬದಿಯ ಜಲ್ಲಿಕಲ್ಲಿನ ರಾಶಿಗೆ ಒರಗಿ ಗಾಡಿ ನಿಂತಿತು. ಮಗಳಿಗೆ ಒಂದು ಗೀರೂ ಆಗಿರಲಿಲ್ಲ. ಬಸ್ಸಿನವರು ಓಡಿ ಬಂದು ಇಳಿಸಿದರು. ಯಾರೋ ನೀರು ಕುಡಿಸಿದರು. ನನಗೆ ಅಳಲೂ ಆಗಲಿಲ್ಲ. ಮಗುವನ್ನು ಎಷ್ಟು ಗಟ್ಟಿಯಾಗಿ ಅವುಚಿಕೊಂಡಿದ್ದೆನೆಂದರೆ ಅದು ನೋವೆಂದು ಕಿರುಚಿತು.

ಗಾಡಿ ಲಾರಿಯ ಮೇಲೆ ಇಳಕಲ್ಲಿಗೆ ಬಂತು. ಗಾಲಿಯ ಒಳಗಿನ ಹಲ್ಲುಗಳು ಸವೆದು, ಅದು ಅಲುಗಾಡಿ ಅಲುಗಾಡಿ ನಟ್ಟನ್ನೇ ಬಿಚ್ಚಿಕೊಂಡಿತ್ತು. ಟಿಕ್ ಅನ್ನುತ್ತಿದ್ದುದು ಅದೇ. ಮರುದಿನ ಬೆಳಿಗ್ಗೆ ಕಾಕಾ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಕಟ್ಟೆಯ ತುದಿಯಲ್ಲಿ ಕೂತರು. ನನ್ನ ಕೈಯ ಪಟ್ಟಿ ನೋಡಿದರು, ಬಾಗಿಲ ಮರೆಯಲ್ಲಿ ನಿಂತ ಮಗಳನ್ನು ನೋಡಿದರು. ನಾನು ತಡೆದುಕೊಳ್ಳಲಿಲ್ಲ.

"ನನ್ನ ಮಗಳು ಕುಂತಿದ್ಳು ಕಾಕಾ ಅದರಾಗ!"

ಕಾಕಾ ಜೇಬಿನಿಂದ ಕೋಲನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, "ನನಗ ಕೇಳಸವಲ್ದ್ರಿ ಅಕ್ಕಾರ. ಎರಡ ವರ್ಷ ಆತು" ಅಂದರು. "ಎಂಜಿನ್ ಕೇಳತೈತಿ, ಅದು ದಪ್ಪ ಸಪ್ಪಳ. ಸಣ್ಣಾವು ಹೋಗ್ಯಾವು. ಮೊದಲ ಗುಬ್ಬಿ ಹೋದವು. ಊರಾಗ ಗುಬ್ಬಿ ಕಡಿಮಿ ಆಗ್ಯಾವು ಅನ್ಕೊಂಡೆ. ಆಮ್ಯಾಲ ಮೊಮ್ಮಗಳ ಕಾಲ್ಗೆಜ್ಜಿ... ಆಕಿ ಗೆಜ್ಜಿ ಹಾಕ್ಕೊಂಡ ಓಡ್ತಿದ್ಳು, ನನಗ ಬರೇ ಕಾಲು ಕಾಣತಿದ್ದವು. ಯಾರ ಮುಂದ ಹೇಳ್ಲಿ? ಕಿವಿ ಹೋತಂದ್ರ ನಾ ಎಲ್ಲಿ ಮಿಸ್ತ್ರಿ? ಭಾಳ ಅಂಜಿಕಿ ಬಂತ್ರಿ."

ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ.

"ಮಾರಿಬಿಡ್ರಿ ಇದನ್ನ" ಅಂದರು ಏಳುತ್ತ. "ಹೊಸಾ ಗಾಡಿ ತಗೋರಿ. ಹೊಸಾದು ತನಗೇನಾಗೈತಿ ಅಂತ ತಾನ ಹೇಳತೈತಿ. ಇದು ಹಂಗಲ್ಲ, ಇದಕ್ಕ ಕೇಳಾವ್ರು ಬೇಕು." ಈ ಕೋಲನ್ನು ಕಟ್ಟೆಯ ಮೇಲೆ ಇಟ್ಟು ಹೋದರು. ಗ್ಯಾರೇಜಿನ ಬಾಗಿಲು ಅವತ್ತಿನಿಂದ ತೆರೆಯಲಿಲ್ಲ. ಮೂರು ನಾಲ್ಕು ವರ್ಷಗಳಲ್ಲಿ ಅವರೂ ಹೋದರು. ಮಣ್ಣಿಗೆ ಹೋಗಿ ಬಂದೆ. ಆಗಲೂ ಮನಸ್ಸಿನ ಒಂದು ಮೂಲೆಯಲ್ಲಿ ಸಿಟ್ಟು ಇದ್ದೇ ಇತ್ತು.

ಅವರ ಮಾತು ಕೇಳಿ ಮಾರಬೇಕಿತ್ತು, ಮಾರಲಿಲ್ಲ. ಬಾಗಲಕೋಟೆಯಲ್ಲಿ ಗಾಲಿಗಳನ್ನು ಹೊಸದಾಗಿ ಮಾಡಿಸಿದೆ. ಕೋಲನ್ನು ಗಾಡಿಯೊಳಗೆ ಇಟ್ಟೆ. ಅಲ್ಲಿಂದ ಮುಂದೆ ಎಲ್ಲಿಗೆ ಹೊರಟರೂ ಎಡಗಾಲಿಯ ಕಡೆ ಕಿವಿಯಿಟ್ಟೇ ಓಡಿಸಿದೆ. ರೇಡಿಯೋ ಇಲ್ಲ, ಮಾತಿಲ್ಲ. ಪಕ್ಕದಲ್ಲಿ ಕೂತವರು ಸೀನಿದರೂ ಬೈಯುತ್ತಿದ್ದೆ. ಇಪ್ಪತ್ತೈದು ವರ್ಷ ಒಮ್ಮೆಯೂ ಹೆದರಿಕೆಯಿಲ್ಲದೆ ಓಡಿಸಲಿಲ್ಲ, ಆದರೆ ಓಡಿಸುವುದನ್ನು ಬಿಡಲೂ ಇಲ್ಲ. ಕಾಕಾ ಇಲ್ಲದ ಮೇಲೆ ಅದಕ್ಕೆ ಕೇಳುವವಳು ನಾನೇ ಆಗಿದ್ದೆ.

ಕೋಲು ಸಿಕ್ಕ ಮರುದಿನ ಮಗಳು ಬಾಗಲಕೋಟೆಯಿಂದ ಬಂದಳು. ಕೊನೆಯದಾಗಿ ಒಂದು ಸುತ್ತು ಎಂದು ಗೋಗರೆದಳು. ಅವಳ ಮುಖದಲ್ಲಿದ್ದ ಆಸೆ ನೋಡಿ, ಕೊಡುವುದೇ ಬೇಡ ಎಂದು ನನ್ನ ಮನಸ್ಸೂ ವಾಲತೊಡಗಿತ್ತು. ಕಾರ್ಖಾನೆಯ ಅಂಗಳ ದೊಡ್ಡದು. ಅವಳು ಸ್ಟೇರಿಂಗ್ ಹಿಡಿದಳು. ನಾನು ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತು ಬರಿಗಾಲು ತಗಡಿಗೆ ಊರಿ ಕಣ್ಣು ಮುಚ್ಚಿದೆ. ಕಲ್ಲುಚಪ್ಪಡಿಗಳ ಸಾಲನ್ನು ಬಳಸಿ ಒಂದು ಸುತ್ತು, ಎರಡು ಸುತ್ತು. ಎಂಜಿನ್ ಹಾಡುತ್ತಿತ್ತು. ಏನಾಗುವುದಿಲ್ಲ ಹೋಗು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಅವ್ವಾ, ತಿರುವಿದಾಗ ಏನೋ ಟಿಕ್ ಟಿಕ್ ಅಂತೈತಲ್ಲ, ಏನದು?"

ಉಸಿರು ಬಿಗಿಹಿಡಿದು ಆಲಿಸಿದೆ. ಎಂಜಿನ್ ಬಿಟ್ಟರೆ ಬೇರೆ ಏನೂ ಇಲ್ಲ.

"ನಿನ್ನ ಕೈಯಾಗಿನ ಬಳಿ ಇರಬೇಕ..." ಎನ್ನುತ್ತ ಕಣ್ಣು ತೆರೆದೆ. ಸ್ಟೇರಿಂಗ್ ಮೇಲಿದ್ದ ಅವಳ ಎರಡೂ ಕೈ ಬರಿದಾಗಿದ್ದವು.

ಹೊಸ ಕಾರಿನ ಇಂಡಿಕೇಟರಿನ ನೆನಪು ಆಗ ಬಂತು. ಜೋಳದ ಹೊಲದೊಳಗೆ ಇಳಿದುಹೋದ ಗಾಲಿಯನ್ನು ಕಂಡಾಗಲೂ ಇಷ್ಟು ಹೆದರಿರಲಿಲ್ಲ. ಬಳೆಯ ಮಾತು ಅವತ್ತು ಕಾಕಾರ ಬಾಯಿಂದ ಯಾಕೆ ಬಂದಿತ್ತು ಎಂಬುದು ಇಷ್ಟು ವರ್ಷದ ಮೇಲೆ ತಿಳಿಯಿತು. ಕಾಕಾ ಮೋಸ ಮಾಡಿರಲಿಲ್ಲ. ಅಂಜಿದ್ದರು, ಅಷ್ಟೇ.

"ಗಾಡಿ ನಿಲ್ಲಸು" ಅಂದೆ. "ನನಗ ಕೇಳಸವಲ್ದು. ಏನೂ ಕೇಳಸವಲ್ದು."

ಹುಬ್ಬಳ್ಳಿಯವರು ಬಂದು ಕೆಂಪು ಕಾರನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಗಾಲಿಯ ವಿಷಯ ಅವರಿಗೆ ಬಿಡಿಸಿ ಹೇಳಿದೆ. ಕೋಲನ್ನು ಮಾತ್ರ ಕೊಡಲಿಲ್ಲ. ಹೊಸ ಕಾರು ಅಂಗಳದಲ್ಲಿ ನಿಂತಿದೆ. ಅದಕ್ಕೇನಾದರೂ ಆದರೆ ಕಣ್ಣಿಗೆ ಕಾಣುವಂತೆ ಅಕ್ಷರದಲ್ಲೇ ಬರೆದು ತೋರಿಸುತ್ತದಂತೆ. ಬದಲಿಸಿದ್ದು ಒಳ್ಳೆಯದಾಯಿತೇ ಎಂದು ಕೇಳಿದವರಿಗೆಲ್ಲ ಹೌದು ಎನ್ನುತ್ತೇನೆ, ಹೌದು ಎನ್ನುವಾಗಲೆಲ್ಲ ಖಾಲಿ ಶೆಡ್ಡಿನ ಕಡೆ ನೋಡುತ್ತೇನೆ...

ಬೆಳಿಗ್ಗೆ ಕಟ್ಟೆಯ ಮೇಲೆ, ಕಾಕಾ ಕೂತಿದ್ದ ಜಾಗದಲ್ಲಿ ಚಹಾ ಕುಡಿಯುತ್ತ ಕೂರುತ್ತೇನೆ. ಎದುರಿನ ಬೇವಿನ ಮರ ಮೊದಲಿನ ಹಾಗೆಯೇ ಇದೆ. ಅದರಲ್ಲಿ ಈಗ ಗುಬ್ಬಿಗಳಿವೆಯೋ ಇಲ್ಲವೋ ಎಂದು ಮಗಳನ್ನು ಕೇಳಬೇಕು. ಇನ್ನೂ ಕೇಳಿಲ್ಲ.