ದರ್ಯಾ ಬದಿಗೆ

ನಾನು ಕಲಿಸುವ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ಅವಳದು ಕೊಂಕಣಿ ಮನೆಮಾತು. ಚೆಂಡಿಯಾ ಊರಿನ ಜಮೀನು ನೌಕಾನೆಲೆಗೆ ಹೋದ ಮೇಲೆ ಅಂಕೋಲೆಯ ಈ ಕಡೆ ಬಂದು ನೆಲೆಸಿದ ಕುಟುಂಬ. ಒಮ್ಮೆ ಉತ್ತರ ಹೇಳುವಾಗ ಕನ್ನಡದ ನಡುವೆ ಕೊಂಕಣಿ ಸೇರಿಕೊಂಡಿತ್ತು, ಎಲ್ಲರೂ ನಕ್ಕಿದ್ದರು. ಆಮೇಲೆ ಹಾಜರಿಗೂ ಕೈ ಎತ್ತುವುದಷ್ಟೇ.

ಒಂದು ದಿನ ಅವಳ ತಾಯಿ ಬಂದರು. “ಅಕ್ಕೋರೇ, ಮಗಳು ಶಾಲೆ ಸಾಕು, ಮನೆಲೇ ಇರ್ತೆ ಅಂತದೆ. ಎಂತ ಮಾಡೂದು?”

ನಾನೂ ಹೆಚ್ಚು ಮಾತಾಡುವವಳಲ್ಲ. ‘ಮಾತಾಡು’ ಎಂದು ಒತ್ತಾಯಿಸಿದರೆ ಹಿಂಜರಿಕೆ ಇನ್ನಷ್ಟು ಹೆಚ್ಚುತ್ತದೆ ಎಂಬುದು ನನಗೆ ಗೊತ್ತು. “ನೋಡುವ,” ಎಂದಷ್ಟೇ ಹೇಳಿ ಕಳಿಸಿದೆ.

ಆ ಶನಿವಾರ ಬೆಂಚುಗಳನ್ನು ಅಡ್ಡಾದಿಡ್ಡಿ ಇಡಿಸಿದೆ. ಜೋಡಿಯಲ್ಲಿ ಒಬ್ಬರ ಕಣ್ಣಿಗೆ ವೇಲ್ ಕಟ್ಟುವುದು. ಇನ್ನೊಬ್ಬರು ಕರಿಹಲಗೆಯ ಹತ್ತಿರ ನಿಂತು, ಬರೀ ಮಾತಿನಿಂದ ಅವರನ್ನು ತಮ್ಮ ಬಳಿಗೆ ಕರೆತರುವುದು.

ಮೊದಲ ಜೋಡಿಯೇ ಎಡವಟ್ಟು ಮಾಡಿಕೊಂಡಿತು. ಇಬ್ಬರೂ ಎದುರುಬದುರು. ಹೇಳುವವನ ಎಡ ನಡೆಯುವವನಿಗೆ ಬಲ.

“ಎಡಕ್ಕೆ ಅಂದ್ನಲ್ಲೋ!”

“ನಿನ್ನ ಎಡವೋ, ನನ್ನ ಎಡವೋ?” ಎನ್ನುತ್ತಲೇ ಅವನು ಬೆಂಚಿಗೆ ಮೊಣಕಾಲು ಬಡಿದುಕೊಂಡ.

“ಟೆಂಪೋ ಗುದ್ದಿತು!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಡಬಲದ ಈ ಗೊಂದಲವನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಮುಂದಿನ ಸರದಿ ತರಗತಿಯ ದೊಡ್ಡ ಬಾಯಿಯ ಹುಡುಗಿಯದು. ಅಂದು ಕೊಂಕಣಿ ಕೇಳಿ ಮೊದಲು ನಕ್ಕವಳೂ ಅವಳೇ. ಅವಳ ಬೆಂಚಿನ ಜೊತೆಗಾತಿ ನಮ್ಮ ಮೌನಿ. ದೊಡ್ಡ ಬಾಯಿಯವಳ ಕಣ್ಣಿಗೆ ವೇಲ್ ಕಟ್ಟಿ ಇವಳು ಕರಿಹಲಗೆಯ ಹತ್ತಿರ ಬಂದು ನಿಂತಳು. ನಾನು ಕಿಟಕಿಯ ಹೊರಗೆ ನೋಡಿದೆ.

“ಏ, ಹೇಳೇ ಮಾರಾಯ್ತಿ,” ಕಣ್ಣು ಕಟ್ಟಿದವಳು ಕೈ ಚಾಚಿದಳು. “ನನ್ನ ಕಣ್ಣು ಈಗ ನಿನ್ನ ಹತ್ರನೇ ಅದೆ.”

“ಮುಂದೆ ಬಾ,” ಸಣ್ಣ ದನಿ. “ನಿಲ್ಲು. ಇನ್ನು… ದರ್ಯಾ ಬದಿಗೆ.”

ದರ್ಯಾ ಅಂದರೆ ಕೊಂಕಣಿಯಲ್ಲಿ ಸಮುದ್ರ. ನಮ್ಮ ಶಾಲೆಯ ಕಿಟಕಿಗಳ ಕಡೆಗೆ ಸಮುದ್ರ, ಬಾಗಿಲ ಕಡೆಗೆ ಗುಡ್ಡ. ಇಲ್ಲಿಯ ಮಕ್ಕಳು ಕಣ್ಣು ಮುಚ್ಚಿದರೂ ಆ ದಿಕ್ಕು ತಪ್ಪುವುದಿಲ್ಲ. ಕಣ್ಣು ಕಟ್ಟಿದವಳು ನಗಲಿಲ್ಲ. ಕಿಟಕಿಯತ್ತ ಸರಿದಳು.

“ಸಾಕು. ಈಗ ಗುಡ್ಡದ ಬದಿಗೆ. ಇನ್ನೂ ಸ್ವಲ್ಪ. ಬಾ, ಬಾ.”

ಎಲ್ಲಿಯೂ ತಾಗದೆ ಬಂದು ಜೊತೆಗಾತಿಯ ಕೈ ಹಿಡಿದಳು. ಮುಂದಿನ ಜೋಡಿಗಳು ಎಡಬಲವನ್ನೇ ಬಿಟ್ಟವು. ಕನ್ನಡದ ಮಕ್ಕಳೂ “ದರ್ಯಾ ಬದಿಗೆ, ದರ್ಯಾ ಬದಿಗೆ” ಎಂದು ಕೂಗತೊಡಗಿದರು.

ಗಂಟೆ ಹೊಡೆದ ಮೇಲೆ ಬೆಂಚು ಸರಿಪಡಿಸುತ್ತಿದ್ದಾಗ ನಮ್ಮ ಮೌನಿ ಹತ್ತಿರ ಬಂದಳು.

“ಅಕ್ಕೋರೇ, ಸೋಮವಾರ ನನ್ನ ಕಣ್ಣು ಕಟ್ತ್ರಾ?”

“ಸೋಮವಾರ ಬರ್ತೀಯಲ್ಲ?”

“ಬರದೇ ಮತ್ತೆ?” ಎಂದು ಬೆಂಚಿನ ಇನ್ನೊಂದು ತುದಿ ಹಿಡಿದಳು.