ಟೈಲರಕ್ಕನ ಅಂಗಾಲಿನ ಸೂಜಿ

ಬಸುರಿಯಾಗಿದ್ದಾಗ ಶುಗರ್ ಬಂದಿದ್ದ ಹೆಂಗಸಿಗೆ, ಹೆರಿಗೆಯಾದ ಮೇಲೆ ಅದು ಇಳಿದುಹೋದರೂ, ಮುಂದೆ ಸಕ್ಕರೆ ಕಾಯಿಲೆ ಬರುವ ಅಪಾಯ ಬೇರೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಇದೇನು ಗುಟ್ಟಲ್ಲ. ಆದರೂ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮ್ಮ ಬೀದಿಯ ಟೈಲರಕ್ಕನಿಗೆ ಎರಡನೇ ಬಸುರಿನಲ್ಲಿ ಶುಗರ್ ಬಂದಿತ್ತು. ಮಗು ಹುಟ್ಟಿದ ಮೂರನೇ ದಿನ ನರ್ಸಮ್ಮ, "ಎಲ್ಲಾ ನಾರ್ಮಲ್ಲು, ಮನೆಗೆ ಹೋಗಮ್ಮ" ಅಂದರು. ಅಕ್ಕ ಹೋದಳು. ಒಂಬತ್ತು ವರ್ಷ ಪರೀಕ್ಷೆಯ ಕಡೆ ತಲೆ ಹಾಕಲಿಲ್ಲ. ಅವಳ ತಾಯಿಗೂ ಇದೇ ಕಾಯಿಲೆಯಿತ್ತು. ಅದನ್ನೂ ಯಾರೂ ವಿಚಾರಿಸಲಿಲ್ಲ.

ಬೀದಿಯವರ ಸೊಂಟದಳತೆಯೆಲ್ಲ ಅವಳಿಗೆ ಬಾಯಿಪಾಠ. "ಏನ್ ಮೇಷ್ಟ್ರೇ, ಈ ಸಲ ಎರಡಿಂಚು ಬಡ್ತಿ ಸಿಕ್ಕಿದೆ!" ಅಂತ ಟೇಪು ಹಿಡಿದೇ ಮಾನ ಕಳೆಯುತ್ತಿದ್ದಳು. ತನ್ನ ಬಟ್ಟೆ ಬಿಗಿಯಾದರೆ ಮಾತ್ರ ಟೇಪು ಮುಟ್ಟುತ್ತಿರಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಸಡಿಲಿಸಿಕೊಳ್ಳುತ್ತಿದ್ದಳು. ಪ್ರತಿ ವರ್ಷ. ಬೆಳಗ್ಗೆಯಿಂದ ಸಂಜೆತನಕ ಮಷೀನಿನ ಮುಂದೆ ಕೂತೇ ಇದ್ದ ಮೈ ಕೊಡುತ್ತಿದ್ದ ಎಚ್ಚರಿಕೆಯನ್ನು ತನ್ನ ಕೈಯಾರೆ ಬಿಚ್ಚಿ ಹಾಕಿದಳು.

ಹೋದ ತಿಂಗಳು ಒಂದು ಮಧ್ಯಾಹ್ನ, ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದ ಅವಳ ತಂಗಿ ಕಿರುಚಿದಳು: "ಅಕ್ಕಾ, ನೆಲದ ಮೇಲೆ ರಕ್ತ!"

"ನಿನ್ನ ಬೆರಳು ನೋಡ್ಕೊ ಮೊದ್ಲು, ಕೋತಿ."

"ನಂದಲ್ವೇ! ನಿನ್ನ ಕಾಲೆತ್ತು."

ಎತ್ತಿದಳು. ಬೆರಳುಗಳ ಬುಡದಲ್ಲಿ, ಮುರಿದ ಸೂಜಿಯೊಂದು ಅಂಗಾಲಿಗೆ ಪೂರ್ತಿ ಇಳಿದಿತ್ತು. ಸುತ್ತ ಕಪ್ಪಗೆ ಬಾತುಕೊಂಡಿತ್ತು, ಕೀವು ಬೇರೆ. ಅದು ಅವತ್ತು ಚುಚ್ಚಿದ್ದಲ್ಲ. ಎಷ್ಟು ದಿನದಿಂದ ಅದೇ ಪಾದದಲ್ಲಿ ಪೆಡಲ್ ತುಳಿದಿದ್ದಳೋ!

"ನೋವೇ ಆಗ್ಲಿಲ್ವೇನೇ?"

"ಇಲ್ಲ ಕಣೇ," ಅಂದಳು ಅಕ್ಕ, ಬೇರೆ ಯಾರದೋ ಕಾಲು ನೋಡುವ ಹಾಗೆ.

ಆಸ್ಪತ್ರೆಯಲ್ಲಿ ನೋಡಿದರೆ ಶುಗರ್ ನಾನೂರು ದಾಟಿತ್ತು. "ಕಾಯಿಲೆ ಬಂದು ವರ್ಷಗಳೇ ಆಗಿರಬೇಕು, ಪಾದದ ನರಗಳು ಸತ್ತಿವೆ" ಅಂದರು ಡಾಕ್ಟರು. ಎರಡು ಬೆರಳು ಕತ್ತರಿಸಿದ್ದಾರೆ. ಪಾದ ಉಳಿಯುತ್ತದೋ ಇಲ್ಲವೋ, ಇನ್ನೂ ಗೊತ್ತಿಲ್ಲ.

ನೋಡಲು ಹೋದ ನನ್ನನ್ನು ಕೇಳಿದಳು: "ನಾನು ಸಿಹಿನೇ ಅಷ್ಟಾಗಿ ತಿಂತಿರ್ಲಿಲ್ವಲ್ಲ, ಅಣ್ಣ?"

ಸಿಹಿ ಒಂದೇ ಕಾರಣ ಅಂತ ಅವಳಿಗೆ ಹೇಳಿಕೊಂಡು ಬಂದವರು ನಾವೇ ತಾನೆ?

ನಿಮ್ಮ ಮನೆಯಲ್ಲಿ ಬಸುರಿನಲ್ಲಿ ಶುಗರ್ ಬಂದಿದ್ದವರು ಯಾರು? ಗೊತ್ತಿಲ್ಲದಿದ್ದರೆ ಈಗಲೇ ಎದ್ದು ಹೋಗಿ ಕೇಳಿ. ನಾಳೆ ಬೆಳಗ್ಗೆ ಅವರನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ. "ಕೆಲಸ ಇದೆ" ಅಂದರೆ, ಆ ಕೆಲಸ ನೀವು ಮಾಡಿ.